ಉಪ್ಪು ಹೋಗುವ ದಾರಿ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಏಳನೆಯ ತರಗತಿಯ ನಡುವೆ. ಬಿಟ್ಟೆ ಎಂದೇ ಹೇಳುತ್ತೇನೆ. ಬಿಡಿಸಿದರು ಎಂದು ಯಾರಾದರೂ ಕನಿಕರ ತೋರಿಸಿದರೆ ನನಗೆ ಸೇರುವುದಿಲ್ಲ. ಅಪ್ಪನ ಸೊಂಟ ಬಿದ್ದುಹೋಗಿತ್ತು, ಚೆಟ್ಟಳ್ಳಿ ಪಕ್ಕದ ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಅವನ ಜಾಗ ಖಾಲಿ ಇತ್ತು, ನನ್ನ ಕೈಕಾಲು ಗಟ್ಟಿ ಇದ್ದವು. ರೈಟರು ನನ್ನ ವಯಸ್ಸನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಹಾಜರಿ ಬರೆದರು. ಅಂದಿನಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಸಿ, ಬೀಜ ತೊಳೆಸಿ, ಕಣಕ್ಕೆ ಕಳಿಸುವುದೇ ನನ್ನ ಕಸುಬು. ಈಗ ಸುತ್ತಲಿನ ತೋಟದವರೂ ತಮ್ಮ ಪಲ್ಪರ್ ತಕರಾರು ಮಾಡಿದರೆ ನನಗೇ ಫೋನು ಮಾಡುತ್ತಾರೆ. ಇದನ್ನು ಜಂಬ ಎಂದುಕೊಂಡರೆ ನನ್ನದೇನೂ ಅಡ್ಡಿಯಿಲ್ಲ. ಜಂಬವೇ.

ನೀವು ಪಲ್ಪರ್ ಮನೆ ನೋಡಿಲ್ಲದಿದ್ದರೆ ಒಂದು ಗಳಿಗೆ ನನ್ನ ಜೊತೆ ಬನ್ನಿ. ಕೆಂಪು ಹಣ್ಣು ಯಂತ್ರದ ಒಂದು ಬಾಯಿಂದ ಹೋಗಿ ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಬೀಳುತ್ತದೆ. ಬೀಜದ ಮೈಗೆ ಮಾತ್ರ ಜಾರುವ ಲೋಳೆ ಅಂಟಿಕೊಂಡೇ ಇರುತ್ತದೆ. ತೊಟ್ಟಿಯಲ್ಲಿ ನೆನೆಹಾಕಿ, ಲೋಳೆ ಸಡಿಲವಾದ ಮೇಲೆ ಸಿಮೆಂಟಿನ ಕಾಲುವೆಯಲ್ಲಿ ನೀರು ಬಿಟ್ಟು ತೊಳೆಯಬೇಕು. ನೀರು ಸಾಕಷ್ಟಿದ್ದರೆ ಲೋಳೆ ತಾನೇ ಹಾಡುತ್ತಾ ಹೋಗುತ್ತದೆ. ನೀರು ಕಮ್ಮಿಯಾಯಿತೋ, ತಿರುವಿನಲ್ಲಿ ನಿಂತಿತು. ನಿಂತದ್ದು ಗಟ್ಟಿಯಾಯಿತು, ಹುಳಿಯಿತು, ಹುಳ ಬಿತ್ತು.

ಈ ಬೆಳಿಗ್ಗೆ ಮೇಲಿನ ಟ್ಯಾಂಕಿನ ಪೈಪು ಕಟ್ಟಿಕೊಂಡು ಕಾಲುವೆಯ ನೀರು ಬೆರಳಷ್ಟಾಗಿತ್ತು. ನಾನು ಹೋಗುವ ಹೊತ್ತಿಗೆ ಆ ಹುಳಿ ವಾಸನೆ ಎದ್ದಿತ್ತು. ಜೊತೆಯವರು ಮೂಗು ಮುಚ್ಚಿಕೊಂಡು ಬೈದರು. ನಾನು ಬೈಯಲಿಲ್ಲ. ಕೆಲವು ವರ್ಷಗಳಿಂದ ಆ ವಾಸನೆ ಬಂದರೆ ನನಗೆ ಕಾಲುವೆ ಕಾಣುವುದಿಲ್ಲ, ನನ್ನ ಮೊಮ್ಮಗಳ ಎದೆಗೂಡು ಕಾಣುತ್ತದೆ. ಅದರ ಹಿಂದೆಯೇ ನನ್ನ ಅಕ್ಕನ ಮುಖ.

ಅಕ್ಕ ಎಂದರೆ ರುದ್ರಮ್ಮ, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಶನಿವಾರಸಂತೆ ಕಡೆಗೆ ಕೊಟ್ಟಿದ್ದೆವು. ಭಾವ ಹೋದ ಮೇಲೆ ನನ್ನ ಮನೆಗೆ ಬಂದಳು. ನನ್ನ ಹೆಂಡತಿಯೂ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಪೂರ್ತಿ ಅವಳದ್ದೇ. ತೋಟದಲ್ಲಿ ನಾನು ಎಷ್ಟು ದೊಡ್ಡ ಮೇಸ್ತ್ರಿಯಾದರೂ ಮನೆಯಲ್ಲಿ ಅವಳ ಕೈಕೆಳಗಿನ ಆಳು. ಅದರಲ್ಲೂ ಯಾರಿಗಾದರೂ ಕಾಯಿಲೆ ಬಂದರೆ ಅವಳ ಪಥ್ಯದ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಜ್ವರವಿರಲಿ, ಭೇದಿಯಿರಲಿ, ಕೆಮ್ಮಿರಲಿ, ಹುಳಿ ಖಾರದ ಜೊತೆ ಉಪ್ಪೂ ಬಂದ್. ಸಪ್ಪೆ ಗಂಜಿ. ನಾನು ಒಮ್ಮೆ ಟೈಫಾಯಿಡಿನಲ್ಲಿ ಮಲಗಿದ್ದಾಗ ಒಂದು ಉಪ್ಪಿನಕಾಯಿ ಹೋಳಿಗಾಗಿ ಅವಳ ಕಾಲು ಹಿಡಿಯುವುದೊಂದು ಬಾಕಿ.

"ಅಕ್ಕಾ, ಬರೀ ನೆಕ್ಕಿ ವಾಪಸ್ ಇಡ್ತೀನಿ."

"ಇಡ್ತೀಯ, ಗೊತ್ತು. ನಿನ್ ನಾಲ್ಗೆ ಹೇಳ್ದಂಗ್ ಕೇಳಕೆ ಅದೇನ್ ನಿಮ್ ತೋಟದ್ ದೊರೆನಾ? ಮುಚ್ಕೊಂಡ್ ಕುಡಿ."

ನಗು ಬರುವ ಮಾತು. ಆದರೆ ನಮ್ಮ ಮನೆಯಲ್ಲಿ ಯಾರೂ ಅದಕ್ಕೆ ಜೋರಾಗಿ ನಗುತ್ತಿರಲಿಲ್ಲ. ಅಕ್ಕನಿಗೆ ಉಪ್ಪಿನ ಭಯ ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತಿತ್ತು.

ಅಕ್ಕನಿಗೆ ಒಬ್ಬ ಮಗನಿದ್ದ, ಶಿವು. ಹುಟ್ಟಿದಂದಿನಿಂದ ಕೆಮ್ಮು, ಎಷ್ಟು ಹಾಲು ಕುಡಿದರೂ ಮೈಗೆ ಹತ್ತದು. ಅಂಬೆಗಾಲಿಡುವ ವಯಸ್ಸಿನಲ್ಲಿ, ಒಂದು ಕಡು ಬೇಸಿಗೆಯಲ್ಲಿ ಅವನಿಗೆ ಭೇದಿ ಹತ್ತಿತು. ಅಕ್ಕನ ಅತ್ತೆ ಪಥ್ಯ ಹಿಡಿಸಿದಳು. ಮಗು ಸಪ್ಪೆ ಗಂಜಿ ಮುಟ್ಟದೆ ಬಾಯಿ ಆಡಿಸುತ್ತಾ ಅಳುವುದನ್ನು ನೋಡಲಾರದೆ ಅಕ್ಕ ಯಾರಿಗೂ ಕಾಣದಂತೆ ಗಂಜಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕುಡಿಸಿದಳು. ಅವನು ಗಟಗಟ ಕುಡಿದನಂತೆ. ಮರುದಿನ ಹೋದ. ಹೇಗೋ ಅತ್ತೆಗೆ ಗೊತ್ತಾಯಿತು. "ಕೈಯಾರೆ ಉಪ್ಪಿಕ್ಕಿ ಕೊಂದ್ಲು" ಎಂದು ಆ ಮುದುಕಿ ತಾನು ಸಾಯುವವರೆಗೆ ಹೇಳಿದಳು, ನೆಂಟರ ಮುಂದೆ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ. ಅಕ್ಕ ಒಂದು ಸಲವೂ ಎದುರಾಡಲಿಲ್ಲ, ಯಾಕೆಂದರೆ ಅವಳೂ ಅದನ್ನೇ ನಂಬಿದ್ದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಈಗ ನನ್ನ ಮೊಮ್ಮಗಳ ವಿಷಯ. ಮಗ ಮಹೇಶ ಮನೆಯಿಂದಲೇ ಕುಶಾಲನಗರಕ್ಕೆ ಹೋಗಿ ವೈರಿಂಗ್ ಕೆಲಸ ಮಾಡುತ್ತಾನೆ. ಸೊಸೆ ಸವಿತ ಅಕ್ಕನ ಗಂಡನ ಮನೆತನದವಳೇ. ನಮ್ಮೆರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವುದು ಅಜ್ಜಂದಿರ ಕಾಲದಿಂದ ಬಂದದ್ದು. ಅವರಿಗೆ ಹುಟ್ಟಿದವಳು ಗಾನವಿ. ಹೆಸರು ಗಾನವಿ, ಹುಟ್ಟಿದಂದಿನಿಂದ ಗಾನವೆಲ್ಲ ಕೆಮ್ಮಿನದೇ. ಸಿಕ್ಕಿದ್ದನ್ನೆಲ್ಲ ತಿನ್ನುವಳು, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ವರ್ಷಕ್ಕೆರಡು ಸಲ ನಿಮೋನಿಯಾ. ಡಾಕ್ಟರುಗಳು ಔಷಧಿ ಕೊಟ್ಟರು, ಕಮ್ಮಿಯಾಯಿತು, ಮತ್ತೆ ಬಂತು.

ಇದರ ಮಧ್ಯೆ ನಮಗೊಂದು ಹೆಮ್ಮೆಯ ಸಂಗತಿಯಿತ್ತು. ನಮ್ಮ ಹಸು ಗೌರಿ ಹಾಯುವ ಜಾತಿ, ಹೊಸಬರನ್ನು ಹತ್ತಿರ ಸೇರಿಸದು. ಅಂಥದ್ದು ಗಾನವಿಯನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದರೆ ಕತ್ತು ಚಾಚಿ ಅವಳ ಕೈ, ಹಣೆ, ಪಾದ ನೆಕ್ಕುತ್ತಿತ್ತು. ಅದರ ಒರಟು ನಾಲಿಗೆಗೆ ಮಗು ಕಿಲಕಿಲ ನಗುವಳು. ಬೇರೆ ಯಾವ ಮಗುವನ್ನೂ ಅದು ಹಾಗೆ ನೆಕ್ಕಿದ್ದಿಲ್ಲ. "ತಾಯಿ ಒಪ್ಕೊಂಡವ್ಳೆ ಕಣೋ, ಇವ್ಳಿಗೇನೂ ಆಗಲ್ಲ" ಎಂದು ಅಕ್ಕ ಹಸುವಿನ ಹಣೆಗೆ ಕುಂಕುಮ ಇಟ್ಟಳು. ನಾನೂ ಪಲ್ಪರ್ ಮನೆಯಲ್ಲಿ ಇದನ್ನು ಹೇಳದೆ ಬಿಟ್ಟ ಜನರಿಲ್ಲ.

ಗಾನವಿಗೆ ಮೂರು ತುಂಬಿದ ಬೇಸಿಗೆ. ಕಾಫಿ ಹೂ ಅರಳಿಸುವ ಹೂಮಳೆ ಬಂದಿರಲಿಲ್ಲ, ಸಿಮೆಂಟು ಕಣದಲ್ಲಿ ಬರಿಗಾಲು ಇಡಲಾಗದ ಬಿಸಿಲು. ಮಗುವಿಗೆ ಕೆಮ್ಮಿನ ಜೊತೆ ಭೇದಿಯೂ ಶುರುವಾಯಿತು. ಅಕ್ಕ ಗಂಜಿಯ ಪಾತ್ರೆ ಇಳಿಸಿದಳು. ಸವಿತ ಒಂದು ಮಾತು ಹೇಳಿ ನೋಡಿದಳು: "ದೊಡ್ಡತ್ತೆ, ಒಂಚೂರು ಉಪ್ಪು..."

"ಬೇಡ." ಅಕ್ಕನ ದನಿ ಹೇಗಿತ್ತೆಂದರೆ ಸವಿತ ಬಾಯಿ ಮುಚ್ಚಿದಳು. ನಾವೆಲ್ಲರೂ ಮುಚ್ಚಿದೆವು. ಆ 'ಬೇಡ'ದ ಒಳಗೆ ಶಿವು ಇದ್ದ.

ಎರಡು ಮೂರು ದಿನಕ್ಕೆ ಮಗು ಸೊಪ್ಪಿನಂತೆ ಬಾಡಿತು. ವಾಂತಿ, ಕೈಕಾಲು ತಣ್ಣಗೆ, ಕರೆದರೆ ಕಣ್ಣು ಬಿಡದು. ತೋಟದ ಜೀಪು ಓಡಿಸುವ ಮೊಯ್ದು ಊಟಕ್ಕೆ ಕೂತಿದ್ದವನು ಎಲೆ ಬಿಟ್ಟು ಎದ್ದ. ಮೈಸೂರಿನವರೆಗೆ ಅವನು ಆಡಿದ್ದು ಒಂದೇ ಮಾತು, ಮತ್ತೆ ಮತ್ತೆ: "ಎಂತ ಆಗೂದಿಲ್ಲ ಅಣ್ಣ, ನೀವು ಮಗೂನ್ನ ಕರೀತಾ ಇರಿ." ಅಕ್ಕ ಬರಲಿಲ್ಲ. ಗೇಟಿನ ಬಳಿ ನಿಂತವಳು ಜೀಪು ತಿರುಗಿದರೂ ನಿಂತೇ ಇದ್ದಳು.

ಆಸ್ಪತ್ರೆಯಲ್ಲಿ ರಕ್ತ ನೋಡಿ, ಮೈಯಲ್ಲಿ ಉಪ್ಪೇ ಇಲ್ಲ ಎಂದು ಡ್ರಿಪ್ ಹಾಕಿದರು. ಮಗು ಚೇತರಿಸಿಕೊಂಡಿತು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಮಂಗಳೂರು ಕಡೆಯವರು, ಮಾತು ಕೇಳಿದರೇ ಗೊತ್ತಾಗುತ್ತಿತ್ತು. ಕೆಮ್ಮು, ಹೊಟ್ಟೆ, ಜಿಡ್ಡು ಜಿಡ್ಡಾದ ಮಲ, ಎಲ್ಲ ಕೆದಕಿ ಕೇಳಿದರು. ಕೊನೆಗೆ, "ಮಗುವಿಗೆ ಮುತ್ತು ಕೊಟ್ಟಾಗ ಉಪ್ಪುಪ್ಪು ಆಗ್ತದಾ?" ಎಂದರು.

ನಮ್ಮಲ್ಲಿ ಮಕ್ಕಳ ಕೆನ್ನೆ ಹಿಂಡುತ್ತೇವೆ, ಲಟಿಗೆ ಮುರಿಯುತ್ತೇವೆ, ರುಚಿ ನೋಡಿದವರು ಯಾರು? ಆಗ ನನ್ನ ಬಾಯಿಂದ ತಾನಾಗಿ ಬಂತು: "ಹಸು ನೆಕ್ಕುತ್ತೆ ಡಾಕ್ಟ್ರೇ."

"ಎಂತದು?"

ಹೇಳಿದೆ. ಅವರು ನಗಲಿಲ್ಲ. ದನಕ್ಕೆ ಉಪ್ಪೆಂದರೆ ಪ್ರಾಣ ಎಂಬುದು ನನಗೆ ಗೊತ್ತಿಲ್ಲದ್ದೇ? ವಾರಕ್ಕೊಮ್ಮೆ ಕಲ್ಲುಪ್ಪು ಇಡುವವನೇ ನಾನು. ನಾವು ಆಶೀರ್ವಾದ ಎಂದುಕೊಂಡಿದ್ದನ್ನು ಆ ಮೂಕ ಪ್ರಾಣಿ ಬರೀ ಉಪ್ಪೆಂದು ನೆಕ್ಕುತ್ತಿತ್ತು. ಆಮೇಲೆ ತೋಳಿಗೆ ಏನೋ ಪಟ್ಟಿ ಕಟ್ಟಿ, ಬೆವರು ಬರಿಸಿ, ಆ ಬೆವರಿನ ಉಪ್ಪು ಅಳೆದರು. ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಈಗ ನನ್ನ ನಾಲಿಗೆಗೆ ಸಲೀಸಾಗಿ ಬರುತ್ತದೆ, ಆಗ ಮಹೇಶ ನಾಲ್ಕು ಸಲ ಹೇಳಿಕೊಟ್ಟ.

ಡಾಕ್ಟರಮ್ಮ ಕೂರಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಮ್ಮ ಮೈಯ ಒಳಗಿನ ಕೊಳವೆಗಳೆಲ್ಲಕ್ಕೂ, ಉಸಿರಿನದು, ಕರುಳಿನದು, ಬೆವರಿನದು, ಒಳಮೈಗೆ ಜೀವಕೋಶಗಳ ಒಂದು ಹೊದಿಕೆಯಿದೆ. ಎಪಿಥೀಲಿಯಂ ಎನ್ನುತ್ತಾರೆ. ನೆಲಕ್ಕೆ ಟೈಲ್ಸ್ ಜೋಡಿಸಿದ ಹಾಗೆ, ಸಂದು ಬಿಗಿದು ಕೂರಿಸಿರುತ್ತದೆ. ಸುಮ್ಮನೆ ಮುಚ್ಚಿಕೊಂಡಿರುವ ನೆಲವಲ್ಲ ಅದು, ದುಡಿಯುವ ನೆಲ. ಒಂದೊಂದು ಕೋಶಕ್ಕೂ ಎರಡು ಮುಖ, ಕೊಳವೆಯ ಕಡೆಗೊಂದು, ರಕ್ತದ ಕಡೆಗೊಂದು. ಹಿಂಬದಿಯಲ್ಲಿ, ಅಂದರೆ ರಕ್ತದ ಕಡೆ, ಒಂದು ಪಂಪು ಹಗಲು ರಾತ್ರಿ ಉಪ್ಪಿನ ಅಂಶವನ್ನು ಎತ್ತಿ ಹೊರಗೆ ಹಾಕುತ್ತಲೇ ಇರುತ್ತದೆ. ಮುಂಬದಿಯಲ್ಲಿ ಬಾಗಿಲುಗಳಿವೆ, ಒಂದೊಂದು ಬಾಗಿಲಲ್ಲಿ ಒಂದೊಂದು ಬಗೆಯದಕ್ಕೇ ಪ್ರವೇಶ. ನೀರಿಗೆ ಪಂಪಿಲ್ಲ. ಉಪ್ಪು ಎತ್ತ ಹೋಯಿತೋ ನೀರು ಅತ್ತ ಹೋಗುತ್ತದೆ.

ಶ್ವಾಸಕೋಶದಲ್ಲಿ ಒಂದು ಬಾಗಿಲು ಉಪ್ಪನ್ನು ಹೊರಗೆ ಬಿಡುತ್ತದೆ, ನೀರು ಹಿಂದೆಯೇ ಬಂದು ತೆಳ್ಳಗೆ ಹರಡುತ್ತದೆ, ಅದರ ಮೇಲೆ ಕಫ ಜಾರಿ, ಸಣ್ಣ ಸಣ್ಣ ರೋಮಗಳು ಅದನ್ನು ಮೇಲಕ್ಕೆ ಗುಡಿಸುತ್ತವೆ. ಗಾನವಿಗೆ ಆ ಬಾಗಿಲು ಹುಟ್ಟುವಾಗಲೇ ಸರಿಯಾಗಿಲ್ಲ. ಉಪ್ಪು ಬಾರದು, ನೀರು ಬಾರದು. ಕಫ ತಿರುವು ತಿರುವಿನಲ್ಲಿ ನಿಲ್ಲುತ್ತದೆ. ಅನ್ನ ಕರಗಿಸುವ ರಸದ ಕೊಳವೆಯೂ ಹಾಗೇ ಕಟ್ಟಿಕೊಂಡಿದೆ, ಅದಕ್ಕೇ ತಿಂದದ್ದು ಮೈಗೆ ಹತ್ತದು. ಕಾಲುವೆಯ ಲೋಳೆ ಕೆರೆದು ಕೆರೆದು ಕೈ ಸವೆದವನಿಗೆ ಇದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ.

ಬೆವರಿನ ವಿಷಯ ಮಾತ್ರ ತಲೆಗೆ ಹೋಗಲಿಲ್ಲ. ಬೆವರು ಹುಟ್ಟುವಾಗ ಉಪ್ಪಾಗಿಯೇ ಹುಟ್ಟಿ, ಚರ್ಮದತ್ತ ಏರುವ ದಾರಿಯಲ್ಲಿ ಉಪ್ಪನ್ನು ವಾಪಸು ಒಳಗೆ ಎಳೆದುಕೊಳ್ಳಬೇಕಂತೆ. ಇವಳಿಗೆ ಎಳೆದುಕೊಳ್ಳಲಾಗದು, ಉಪ್ಪೆಲ್ಲ ಹೊರಗೆ ಪೋಲು. ಅದೂ ಅದೇ ಬಾಗಿಲಂತೆ.

"ಅದೆಂಗೆ ಡಾಕ್ಟ್ರೇ? ಎದೇಲಿ ಉಪ್ಪು ಹೊರಗ್ ಬರಲ್ಲ ಅಂತೀರ, ಚರ್ಮದಲ್ಲಿ ಒಳಗ್ ಹೋಗಲ್ಲ ಅಂತೀರ. ಬಾಗ್ಲು ಒಂದೇ ಅಂತೀರ."

"ನಿಮ್ಮ ಎಸ್ಟೇಟಿಗೆ ಗೇಟ್ ಎಷ್ಟುಂಟು?"

"ಒಂದೇ."

"ಬೆಳಿಗ್ಗೆ ಜನ ಒಳಗೆ ಹೋಗುದು ಅದ್ರಲ್ಲೇ, ಸಂಜೆ ಹೊರಗೆ ಬರುದೂ ಅದ್ರಲ್ಲೇ ಅಲ್ವಾ? ಗೇಟ್ ತೆರೀದಿದ್ರೆ?"

ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಅರ್ಥವಾಯಿತು. ಗೇಟಿಗೆ ದಿಕ್ಕಿಲ್ಲ, ಜನ ಹೊರಟ ಕಡೆಯೇ ಅದರ ದಿಕ್ಕು. ಇದನ್ನು ಅರಗಿಸಿಕೊಂಡ ಮೇಲೆ ನಾನು ಒಂದು ತಿಂಗಳು ತೋಟದಲ್ಲಿ ಯಾರನ್ನೂ ನೆಮ್ಮದಿಯಾಗಿ ಚಹಾ ಕುಡಿಯಲು ಬಿಡಲಿಲ್ಲ. ಟೈಲ್ಸು, ಪಂಪು, ಬಾಗಿಲು ಎಂದು ಪಾಠ ಮಾಡಿದ್ದೇ ಮಾಡಿದ್ದು. ಮೊಯ್ದು ಹೊಟ್ಟೆ ಸವರಿಕೊಂಡು, "ಡಾಕ್ಟ್ರೇ, ನಂಗೆ ಗ್ಯಾಸ್ ಉಂಟು. ಅದು ಯಾವ ಬಾಗಿಲು ಅಂತ ನೋಡಿ ಹೇಳಿ" ಎನ್ನುತ್ತಿದ್ದ. ಇವತ್ತಿಗೂ ಪಿಕ್ಕಿಂಗಿನ ಹೆಂಗಸರು ನನ್ನನ್ನು ಕಂಡರೆ ಡಾಕ್ಟ್ರು ಬಂದ್ರು ಎಂದು ಸೆರಗಿನಲ್ಲಿ ನಗುತ್ತಾರೆ. ನಗಲಿ.

ಇದು ವಂಶದಲ್ಲಿ ಬರುವ ಕಾಯಿಲೆ ಎಂದಾಗ ಎರಡು ಮನೆಗಳಲ್ಲೂ ಗುಸುಗುಸು ಎದ್ದಿತು. ಸವಿತಳ ತಾಯಿ ಫೋನಿನಲ್ಲಿ, "ನಮ್ ಕಡೆ ಯಾರ್ಗೂ ಇಲ್ಲಪ್ಪ" ಎಂದರು. ತಾಯಿ ತಂದೆ ಇಬ್ಬರ ಕಡೆಯಿಂದಲೂ ಕೆಟ್ಟ ಪಾಲು ಬಂದರೆ ಮಾತ್ರ ಕಾಯಿಲೆ, ಒಬ್ಬರಿಂದಲೇ ಬರುವುದಲ್ಲ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಸುಮ್ಮನಾದರು. ನನಗೆ ಮಾತ್ರ ಸುಮ್ಮನಾಗಲು ಆಗಲಿಲ್ಲ. ನಮ್ಮ ಮನೆಯ ಪಾಲು, ಭಾವನ ಮನೆಯ ಪಾಲು. ಗಾನವಿಗಿಂತ ಮೊದಲು ಇದೇ ಎರಡು ಮನೆಗಳಿಗೆ ಹುಟ್ಟಿದ ಇನ್ನೊಂದು ಮಗುವಿತ್ತಲ್ಲ!

ಡಿಸ್ಚಾರ್ಜಿನ ದಿನ ಡಾಕ್ಟರಮ್ಮನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಶಿವುವಿನ ಕಥೆ ಹೇಳಿದೆ. ಅವರು ಕಿಟಕಿಯ ಕಟ್ಟೆಗೆ ಒರಗಿ ಪೂರ್ತಿ ಕೇಳಿದರು.

"ನೋಡದ ಮಗುವಿಗೆ ಇದೇ ಕಾಯಿಲೆ ಇತ್ತು ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ. ಇದ್ದಿರ್ಲೂ ಬಹುದು. ಆದ್ರೆ ಒಂದು ಚಿಟಿಕೆ ಉಪ್ಪು ಹಾಕಿದ ಗಂಜಿಯಿಂದ ಮಗು ಸಾಯುದಿಲ್ಲ." ಆಮೇಲೆ ಕರುಳಿನ ಇನ್ನೊಂದು ಬಾಗಿಲ ಬಗ್ಗೆ ಹೇಳಿದರು. ಗಂಜಿ ಕರಗಿದರೆ ಸಕ್ಕರೆಯಾಗುತ್ತದೆ. ಆ ಸಕ್ಕರೆ ಕರುಳಿನ ಬಾಗಿಲಲ್ಲಿ ಒಂಟಿಯಾಗಿ ದಾಟದು, ಉಪ್ಪಿನ ಕೈ ಹಿಡಿದೇ ದಾಟಬೇಕು. ಇಬ್ಬರೂ ದಾಟಿದರೆ ನೀರು ಹಿಂದೆ ಬರುತ್ತದೆ. ಭೇದಿಗೆ ಕೊಡುವ ಓಆರ್‌ಎಸ್ ಪೊಟ್ಟಣದ ಗುಟ್ಟು ಅದೇ. ಗಾನವಿಯಂಥ ಮಕ್ಕಳಲ್ಲೂ ಆ ಬಾಗಿಲು ಸರಿಯಾಗಿಯೇ ಇರುತ್ತದೆ. "ನಿಮ್ಮ ಅಕ್ಕ ಮಾಡಿದ್ದೇ ಸರಿ ಮಾರಾಯ್ರೆ. ಬೇಕಾದ್ರೆ ಬರ್ದು ಕೊಡ್ತೇನೆ."

"ಬೇಡ. ಅಕ್ಕನಿಗೆ ಓದೋಕೆ ಬರಲ್ಲ" ಎಂದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳಿದರೆ ಅಕ್ಕನ ತಲೆಯಿಂದ ಒಂದು ಕಲ್ಲು ಇಳಿಯುತ್ತದೆ. ಆದರೆ ಅದೇ ಕೈಯಲ್ಲಿ ಇನ್ನೊಂದು ಇಟ್ಟಂತೆ. ಉಪ್ಪು ಕೊಲ್ಲಲಿಲ್ಲ ಎಂದರೆ ಸಪ್ಪೆ ಏನು ಮಾಡಿತು ಎಂದು ಅವಳು ಕೇಳದೆ ಬಿಡುವಳೇ? ಅದೇ ಸಪ್ಪೆಯನ್ನು ಗಾನವಿಗೂ ಅವಳೇ ಉಣಿಸಿದ್ದಳು. ಪಲ್ಪರ್‌ನಲ್ಲಿ ಒಂದು ಕಡೆ ನಟ್ಟು ಬಿಗಿದರೆ ಇನ್ನೊಂದು ಕಡೆ ಸಡಿಲವಾಗುವುದನ್ನು ದಿನಾ ನೋಡುತ್ತೇನೆ, ಅದಕ್ಕೆ ನನ್ನ ಹತ್ತಿರ ಸ್ಪ್ಯಾನರ್ ಇದೆ. ಇದಕ್ಕೆ?

ಮನೆಗೆ ಬಂದರೆ ಅಕ್ಕ ಅಡಿಗೆಮನೆಯಿಂದ ಹೊರಬಿದ್ದಿದ್ದಳು. ಯಾರೂ ಹೇಳಿರಲಿಲ್ಲ, ಮೈಯಲ್ಲಿ ಉಪ್ಪು ಕಮ್ಮಿಯಾಗಿತ್ತಂತೆ ಎಂಬಷ್ಟೇ ಸುದ್ದಿ ಸಾಕಾಗಿತ್ತು. ಒಲೆಯ ಮುಂದೆ ಸವಿತ. ಅಕ್ಕ ಜಗಲಿಯಲ್ಲಿ ಕೂತು, ಕೊಟ್ಟದ್ದನ್ನು ತಿಂದು, ಮಗುವನ್ನು ದೂರದಿಂದ ನೋಡುವಳು. ನಾನು ಎರಡು ದಿನ ಹೇಳಲಾರದೆ ಓಡಾಡಿದೆ. ಮೂರನೆಯ ದಿನ ಮಧ್ಯಾಹ್ನ ಅವಳು ಅಂಗಳದ ಚಾಪೆಯಲ್ಲಿ ಒಣಹಾಕಿದ ಕರಿಮೆಣಸನ್ನು ಕೈಯಾಡಿಸುತ್ತಾ ಕೂತಿದ್ದಳು. ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾ, ಡಾಕ್ಟ್ರನ್ನ ಶಿವು ವಿಷ್ಯ ಕೇಳ್ದೆ."

"ಸತ್ತೋರ್ನ ಯಾಕ್ ಆಸ್ಪತ್ರೆಗ್ ಕರ್ಕೊಂಡ್ ಹೋದೆ?"

"ಉಪ್ಪಿಂದ ಹೋಗಿದ್ದಲ್ಲ ಅಂದ್ರು. ಇವ್ಳಿಗಿರೋ ಕಾಯ್ಲೇನೇ ಅವ್ನಿಗೂ ಇತ್ತೇನೋ ಅಂದ್ರು. ಇಂಥ ಮಕ್ಳ ಮೈಯಿಂದ ಉಪ್ಪೆಲ್ಲ ಬೆವರಲ್ಲೇ ಸೋರ್ಕೊಂಡ್ ಹೋಗುತ್ತಂತೆ. ಮೈಯೆಲ್ಲ ಉಪ್ಪುಪ್ಪಾಗಿರುತ್ತಂತೆ."

ಅವಳ ಕೈ ಮೆಣಸಿನ ಮೇಲೆ ಓಡಾಡುತ್ತಲೇ ಇತ್ತು. ತಲೆ ಎತ್ತದೆ ಅಂದಳು:

"ಹೂಂ ಕಣೋ. ಮುತ್ತಿಟ್ರೆ ತುಟಿಯೆಲ್ಲ ಉಪ್ಪಾಗೋದು. ನಾನ್ ಯಾವಾಗ್ಲೂ ಅಳ್ತಾನೇ ಇರ್ತಿದ್ನಲ್ಲ, ನಂದೇ ಕಣ್ಣೀರು ಅಂದ್ಕೊಂಡಿದ್ದೆ."

ನಾನು ಹೆದರಿದ್ದ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಅದಕ್ಕಿಂತ ಕಷ್ಟದ್ದನ್ನು ಕೇಳಿದಳು.

"ಹಂಗಾರೆ, ನಾನ್ ಹಾಕಿದ್ದು ಕಮ್ಮಿ ಆಯ್ತಾ?"

ಆಸ್ಪತ್ರೆಯಲ್ಲಿ ಕಲಿತ ಪಂಪು, ಬಾಗಿಲುಗಳನ್ನೆಲ್ಲ ಬದಿಗಿಟ್ಟೆ. ಬಾಯಿಗೆ ಬಂದದ್ದು ಇಷ್ಟೇ: "ಅಷ್ಟಾದ್ರೂ ಹಾಕಿದ್ದು ನೀನೊಬ್ಳೇ ಅಕ್ಕಾ. ಆ ಮನೇಲಿ ಬೇರೆ ಯಾರೂ ಹಾಕ್ಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಳೋ ಮೆಣಸಿನ ಧೂಳೋ, ನಾನು ನೋಡಲು ಹೋಗಲಿಲ್ಲ. "ಅವ್ನು ಗಟಗಟ ಕುಡ್ದ ಕಣೋ" ಎಂದಳು. ಅಷ್ಟು ವರ್ಷ ಅದನ್ನು ಅವಳು ತಪ್ಪೊಪ್ಪಿಗೆಯ ಹಾಗೆ ಹೇಳುತ್ತಿದ್ದಳು. ಅವತ್ತು ಮಗ ಚೆನ್ನಾಗಿ ಉಂಡ ಎಂದು ಯಾವ ತಾಯಿಯಾದರೂ ಹೇಳುವ ಹಾಗೆ ಹೇಳಿದಳು. ಆಮೇಲೆ, "ಆ ಕಡೆ ಚಾಪೆ ತಿರುವಿ ಹಾಕು, ಬಿಸ್ಲು ಹೋಯ್ತದೆ" ಎಂದು ನನ್ನನ್ನು ಎಬ್ಬಿಸಿದಳು.

ಸಂಜೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಸವಿತಳನ್ನು ಕೇಳಿದಳು: "ಮಗೀಗೆ ಎಷ್ಟು ಹಾಕ್ಬೇಕು ಅಂದವ್ರೆ, ತೋರ್ಸು." ಸವಿತ ಅಷ್ಟು ದಿನದ ಸಿಟ್ಟನ್ನು ಇನ್ನೂ ಇಳಿಸಿರಲಿಲ್ಲ. ಆದರೂ ಸೊಂಟದಿಂದ ಕೈ ತೆಗೆದು, ಚಮಚ ಹಿಡಿದು ತೋರಿಸಿದಳು. "ನಾಳೆಯಿಂದ ನೀವೇ ಹಾಕಿ ದೊಡ್ಡತ್ತೆ. ನಂಗೆ ಮರೆತ್ ಹೋಗುತ್ತೆ" ಎಂದಳು. ಅವಳಿಗೆ ಯಾವುದೂ ಮರೆಯುವುದಿಲ್ಲ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಈ ಕಾಯಿಲೆ ಗುಣವಾಗುವುದಲ್ಲ, ನಡೆಸಿಕೊಂಡು ಹೋಗುವುದು. ಬಾಗಿಲನ್ನೇ ರಿಪೇರಿ ಮಾಡುವ ಮಾತ್ರೆಗಳು ಹೊರದೇಶಗಳಲ್ಲಿ ಬಂದಿವೆಯಂತೆ, ನಮ್ಮ ಕೈಗೆ ಎಟುಕಿಲ್ಲ. ಎಟುಕುವವರೆಗೆ ನಮ್ಮ ದಾರಿ ನಮ್ಮದು. ಊಟದ ಜೊತೆ ಅನ್ನ ಕರಗಿಸುವ ಕ್ಯಾಪ್ಸೂಲು, ಬೆಳಿಗ್ಗೆ ಸಂಜೆ ಮೆಷಿನ್ನಿನಲ್ಲಿ ಉಪ್ಪುನೀರಿನ ಆವಿ, ಆಮೇಲೆ ಕಫ ಸಡಿಲವಾಗಲು ಬೆನ್ನು ತಟ್ಟುವುದು. ತಟ್ಟುವ ಕೆಲಸ ನನ್ನದು. ಅಂಗೈ ಬೋಗುಣಿಯ ಹಾಗೆ ಮಡಚಿ ತಟ್ಟಬೇಕು. ಮೊದಲ ದಿನ ಅಕ್ಕ, "ಅದೇನ್ ಮೆಣಸಿನ ಗೊಂಚಲೇನೋ ಬಡಿಯಕೆ, ಮಗೀನ್ ಬೆನ್ನು" ಎಂದು ಕೈ ಹಿಡಿದಿದ್ದಳು. ಈಗ ನನ್ನ ಕೈ ಪಳಗಿದೆ. ಕಿವಿಯೂ ಪಳಗಿದೆ, ಎಲ್ಲಿ ಕಟ್ಟಿದೆ ಎಂದು ತಟ್ಟಿದ ಸದ್ದಿನಲ್ಲೇ ಅಂದಾಜು ಸಿಗುತ್ತದೆ. ಒಮ್ಮೊಮ್ಮೆ ಅಂದಾಜು ತಪ್ಪುತ್ತದೆ. ಹೋದ ವರ್ಷ ಎರಡು ವಾರ ಆಸ್ಪತ್ರೆಯಲ್ಲಿದ್ದಳು. ಮುಂದೆ ಏನು ಎಂದು ಕೇಳಿದರೆ ಡಾಕ್ಟರಮ್ಮ ಇವತ್ತಿನ ಕೆಲಸ ಹೇಳುತ್ತಾರೆ, ಮುಂದಿನದನ್ನು ಹೇಳುವುದಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ.

ಈ ಬೆಳಿಗ್ಗೆ ಪೈಪು ಬಿಡಿಸಿ, ಕಾಲುವೆಗೆ ನೀರು ತುಂಬಿಸಿ, ತಿರುವು ಚೊಕ್ಕಟ ಮಾಡಿ ಮನೆಗೆ ಬಂದೆ. ಗಾನವಿ ಶಾಲೆಯ ಬಟ್ಟೆ ಹಾಕಿಕೊಂಡು ಬೆನ್ನು ತಟ್ಟಿಸಿಕೊಳ್ಳಲು ಕಾಯುತ್ತಿದ್ದಳು. "ತಾತ, ಲೇಟಾಯ್ತು, ವ್ಯಾನ್ ಬರುತ್ತೆ. ಇವತ್ತೊಂದಿನ ಬಿಡು" ಎಂದಳು. ಬಿಡಲಿಲ್ಲ. ಮಡಿಲಿಗೆ ಬೋರಲು ಹಾಕಿಕೊಂಡೆ. ತಟ್ಟುತ್ತಾ ತಟ್ಟುತ್ತಾ ಒಳಗೆ ಏನೋ ಸಡಿಲಾಯಿತು, ಕೆಮ್ಮಿದಳು, ಉಗುಳಿದಳು, ಉದ್ದಕ್ಕೆ ಒಂದು ಉಸಿರೆಳೆದುಕೊಂಡು ಚೀಲ ಹೆಗಲಿಗೇರಿಸಿ ಓಡಿದಳು. ಓಡಿದಳು ಎಂಬುದನ್ನು ಗಮನಿಸಿ.

ಈಗ ನನಗಿರುವುದು ಒಂದೂವರೆ ಎಕರೆ ಕಾಫಿ, ಹೆಂಚಿನ ಮನೆ ಒಂದು, ಮಗ ಒಬ್ಬ, ಸೊಸೆ ಒಬ್ಬಳು, ಎಪ್ಪತ್ತು ದಾಟಿದ ಅಕ್ಕ ಒಬ್ಬಳು, ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಒಬ್ಬಳು, ಕೆಲಸ ಮಾಡುವ ಕೈ ಎರಡು.